ಬಣ್ಣ ಬಿಡದ ಹಾಗೆ

ನೆಲ್ಸನ್, ಲ್ಯಾಂಕಶೈರ್, ೧೯೩೪ರ ಜುಲೈ

ಆ ಬೀದಿಯಲ್ಲಿ ಬುಧವಾರ ಯಾರೂ ಬಟ್ಟೆ ಒಗೆಯುವುದಿಲ್ಲ.
ಸೋಮವಾರ ಹಿತ್ತಿಲ ಹಗ್ಗಗಳೆಲ್ಲ ತುಂಬಿ,
ಮಂಗಳವಾರ ಇಸ್ತ್ರಿ, ಗುರುವಾರ ಹಿಟ್ಟು ನಾದುವುದು;
ಅದಕ್ಕೇ ಮಿಸೆಸ್ ಗ್ರಿಮ್‌ಶಾ ಬುಧವಾರ ಬೆಳಿಗ್ಗೆ
ಹಿಂಬಾಗಿಲು ಮುಚ್ಚಿಕೊಂಡು ತೊಟ್ಟಿಯ ಮುಂದೆ ಕೂತದ್ದು ಕಂಡು
ಏನೋ ಆಗಿದೆ ಎಂದುಕೊಂಡೆ.

ತೊಟ್ಟಿಯ ನೀರು ಮಸಿ.
ಮೊಣಕೈವರೆಗೆ ಅವಳೂ ಮಸಿ.
ಒಳಗೆ ಮಗನ ಹೊಸ ಅಂಗಿ,
ಅದರ ಜೊತೆ ಮರೆತು ಹಾಕಿದ್ದು ಗಂಡನ ಚರ್ಚಿನಂಗಿ:
ಸೊಮ್ ನದಿಯ ಹತ್ತಿರ ಸತ್ತವನದು,
ವರ್ಷಕ್ಕೊಮ್ಮೆ ಈ ತಿಂಗಳು ತೊಳೆದು ಮಡಿಸಿಡುವುದು,
ಹದಿನೆಂಟು ವರ್ಷ ಬೆಳ್ಳಗೇ ಇದ್ದದ್ದು,
ಈಗ ಬೂದಿ.

"ನೀನು ಬಣ್ಣದ ಕಾಲೇಜಿನವನಲ್ಲವೇ, ಹೇಳು,
ಇದು ನಿಲ್ಲಬೇಕಾದರೆ ಏನು ಮಾಡಬೇಕು?"
ಯಾವುದು ನಿಲ್ಲಬೇಕೆಂದು ನಾನು ಕೇಳಲಿಲ್ಲ.

ಗುಳೇದಗುಡ್ಡದ ಬಣ್ಣಗಾರರ ಮನೆಯವನು ನಾನು.
ತಗಚೆ ಬೀಜ ಬೇಯಿಸಿ, ಸುಣ್ಣ ಕಲಸಿ,
ನೀಲಿಯ ಗಡಿಗೆ ಉಸಿರಾಡುವುದನ್ನು
ಕಿವಿಯಿಟ್ಟು ಕೇಳುತ್ತಿದ್ದ ಅಪ್ಪ ಅನ್ನುತ್ತಿದ್ದ:
ಬಣ್ಣ ಹಚ್ಚೋದು ಕೂಲಿ, ಕಟ್ಟೋದು ವಿದ್ಯೆ.
ಅವನ ಗಡಿಗೆ ಒಡೆದದ್ದು ಜರ್ಮನಿಯ ಪುಡಿ, ಈ ಸೀಮೆಯ ನೂಲು.
ಒಡೆದವರಲ್ಲೇ ಕಲಿಯಲು ಬಂದೆ, ಸ್ಕಾಲರ್‌ಶಿಪ್ಪಿನ ಮೇಲೆ.

ಬಂದು ನೋಡಿದರೆ ಇವರದೂ ಒಡೆದಿದೆ.
ನನ್ನ ಕಿಟಕಿಗೆ ಕಾಣುವ ಏಳು ಚಿಮಣಿಗಳಲ್ಲಿ
ಹೊಗೆಯಾಡುವುದು ಎರಡು.
ಕ್ಲಿಫರ್ಡ್ ಎರಡು ವರ್ಷ ಮಾರ್ಕೆಟ್ಟಿನ ಗೋಡೆಗೆ ಒರಗಿ ಒರಗಿ
ಕಲ್ಲಿಗೇ ಬೆನ್ನು ಮೂಡಿಸಿದವನು.
ವ್ಯಾನಿನಲ್ಲಿ ಬಂದವರು ಅವನಿಗೆ ಕೊಟ್ಟದ್ದು ಹೆಚ್ಚೇನಲ್ಲ:
ಒಂದು ಅಂಗಿ, ಒಂದು ಬೆಲ್ಟು,
ಏಳು ಗಂಟೆಗೆ ಸರಿಯಾಗಿ ಹೋಗಲು ಒಂದು ಜಾಗ,
ಹಂಚಲು ಒಂದು ಕಟ್ಟು ಕಾಗದ. ಕಾಗದದ ತುಂಬ
ಬೊಂಬಾಯಿಯ ಗಿರಣಿ, ಮುಂದೆ ಕೊಕ್ಕೆ ಮೂಗಿನ ಸಾಹುಕಾರ,
ಹಿಂದೆ ಪಂಚೆಯುಟ್ಟು ಹಲ್ಲುಕಿರಿಯುವ ಒಬ್ಬ.
ಪಂಚೆಯ ಕಚ್ಚೆ ತಪ್ಪಾಗಿತ್ತು.

"ಇದು ನಿನಗೆ ಹೇಳಿದ್ದಲ್ಲ," ಎಂದ ಊಟಕ್ಕೆ ಕೂತಾಗ.
"ನೀನು ಬೇರೆ."
ಬೆಣ್ಣೆಯ ತಟ್ಟೆ ನನ್ನ ಕಡೆ ಸರಿಸಿದ.

ಗಂಧಕದ ಕಪ್ಪು ಅದು. ಮೈಲುತುತ್ತ, ಬೈಕ್ರೋಮೇಟು,
ಒಂದಿಷ್ಟು ವಿನೆಗರ್, ಅರ್ಧ ಗಂಟೆ ಬಿಸಿನೀರು.
ಕಾಲೇಜಿನ ಕಪಾಟಿನಿಂದ ಎರಡು ಪೊಟ್ಟಣ ಕದ್ದು ತಂದೆ.
ಮೂರು ವಾರದ ಬಾಡಿಗೆ ಬಾಕಿಯಿತ್ತು;
ಆ ಕೈಗಳನ್ನು ನೋಡಲಾಗಲಿಲ್ಲ;
ಇಲ್ಲ, ಅದೆಲ್ಲ ಆಮೇಲೆ ಹುಡುಕಿಕೊಂಡ ಕಾರಣ.
ಕಟ್ಟಬಲ್ಲೆನೆಂದು ಕಟ್ಟಿದೆ.

ಭಾನುವಾರ ಮಾರ್ಕೆಟ್ಟಿನಲ್ಲಿ ಸಭೆ. ಮಳೆ ಹಿಡಿಯಿತು.
ಮಗ್ಗದ ಹೆಂಗಸರು ಸಿಳ್ಳೆ ಹಾಕಿದರು, ಆಲೂಗಡ್ಡೆ ಎಸೆದರು.
ಸಾಲಿನಲ್ಲಿ ನಿಂತ ಇಪ್ಪತ್ತು ಮೂವತ್ತು ಹುಡುಗರ ಕೊರಳಿಂದ
ಕಪ್ಪು ಕರಗಿ ಮಣಿಕಟ್ಟಿಗೆ ಇಳಿಯುತ್ತಿತ್ತು.
"ನೋಡ್ರೇ, ಬಣ್ಣ ಬಯಲಾಯ್ತು!" ಎಂಬಂಥದೇನೋ
ಯಾರೋ ಅವರ ಮಾತಿನಲ್ಲಿ ಕೂಗಿದರು. ಜನ ನಕ್ಕರು.
ಕ್ಲಿಫರ್ಡನ ಅಂಗಿ ಒಂದೇ ಒಂದು
ಒಂದು ಹನಿ ಬಿಡಲಿಲ್ಲ.
ಒಣಗಿದ ಕಾಗೆಯ ರೆಕ್ಕೆ.

ಕನ್ನಡದಲ್ಲಾದರೆ ಹೇಳಿಕೊಳ್ಳಬಲ್ಲೆ: ನನಗೆ ಹೆಮ್ಮೆಯಾಯಿತು.
ಅಪ್ಪ ನೋಡಬೇಕಿತ್ತು ಅನ್ನಿಸಿತು, ನಿಜವಾಗಿ.
ಮರುಗಳಿಗೆ ಅವನು ಬಲಗೈ ಚಾಚಿ ಮೇಲೆತ್ತಿದ,
ತೋಳು ಕಪ್ಪು, ಹೊಲಿಗೆ ಕಪ್ಪು, ಎಲ್ಲೂ ಮಾಸಿಲ್ಲ,
ನಾನು ಪಾಸಾದ ಪರೀಕ್ಷೆಯ ಹಾಗೆ.

ಮನೆಗೆ ಬಂದಾಗ ಅವಳು ಬೂದಿ ಅಂಗಿ ತೊಡೆಯ ಮೇಲಿಟ್ಟುಕೊಂಡು
ಕೇಳಿದಳು, ಇದನ್ನು ಬಿಡಿಸಲು ಬರುತ್ತದೆಯೇ ಎಂದು.
ಬರುತ್ತದೆ, ಎಂದೆ. ನೂಲು ಉಳಿಯುವುದಿಲ್ಲ.
ಅವಳು ಎದ್ದು ಗುರುವಾರದ ಬ್ರೆಡ್ಡು ಕೊಯ್ದಳು.
ಉಗುರ ಸಂದಿಯಲ್ಲಿ ಇನ್ನೂ ಇತ್ತು.
ಮೂವರೂ ತಿಂದೆವು.