ಅಟ್ಟೆ

ಮಡಿಕೇರಿಯ ಬಸ್ ನಿಲ್ದಾಣದಿಂದ ಮೇಲೆ ಹತ್ತುವ ಮೆಟ್ಟಿಲ ಪಕ್ಕ
ನೀಲಿ ಟಾರ್ಪಾಲಿನ ಕೆಳಗೆ ನನ್ನ ಮೂರಡಿ ಜಾಗ.
ಉಳಿ, ರಂಪಿಗೆ, ಮೇಣ ತಿಕ್ಕಿದ ದಾರ, ಅಂಟಿನ ಡಬ್ಬ.
ಬಂದವರು ಸ್ಟೂಲಿನ ಮೇಲೆ ಕೂರುತ್ತಾರೆ,
ಒಂದು ಕಾಲು ಬೂಟಿನಲ್ಲಿ, ಇನ್ನೊಂದು ಹಳೇ ಪೇಪರಿನ ಮೇಲೆ.
ಅಂಟು ಒಣಗಲು ಕಾಲು ಗಂಟೆ; ಆಟಿಯಲ್ಲಾದರೆ ಅರ್ಧ.
ಅಷ್ಟರಲ್ಲಿ ಎಂಥ ಮೂಗನೂ
ಒಂದು ಕತೆ ಹೇಳಿಯೇ ಹೇಳುತ್ತಾನೆ.

ಚೀನಾದ ಆ ಕತೆ ನನಗೆ ಸಿಕ್ಕಿದ್ದು ಹೀಗೆ,
ಒಂದೊಂದು ತುಂಡು ಒಂದೊಂದು ಕಾಲಿಂದ.

ಮೊದಲು ತಂದವನು ಬೈಲುಕುಪ್ಪೆಯ ಮುದುಕ ಚೋಫೆಲ್, ಸ್ವೆಟರ್ ಮಾರುವವನು.
ಹಿಮ್ಮಡಿ ಸವೆದ ಬೂಟು ಕೊಟ್ಟು ಹೇಳಿದ:
ಒಬ್ಬ ಸನ್ಯಾಸಿ, ಧರ್ಮದ ಹೊತ್ತಗೆ ತರಲು ಪಶ್ಚಿಮಕ್ಕೆ ಹೊರಟ,
ಜೊತೆಗೆ ಕಲ್ಲಿನಿಂದ ಹುಟ್ಟಿದ ಕೋತಿ.
ಕೋತಿಯ ತಲೆಗೊಂದು ಬಳೆ; ಗುರು ಮಂತ್ರ ಹೇಳಿದರೆ ಬಿಗಿಯುತ್ತದೆ.
“ಹೊಸ ಬೂಟಿನ ಹಾಗೆ” ಅಂದೆ. ನಕ್ಕ. ಹಲ್ಲಿರಲಿಲ್ಲ.
ಮುಂದೇನು ಅನ್ನುವಷ್ಟರಲ್ಲಿ ಕುಶಾಲನಗರದ ಬಸ್ಸು ಬಂತು.

ಹಂದಿ ಸಿಕ್ಕಿದ್ದು ಮೂರು ವರ್ಷದ ಮೇಲೆ,
ಪಯ್ಯನ್ನೂರಿನ ಬೈಕ್ ಹುಡುಗನಿಂದ.
ಚಿಕ್ಕಂದಿನಲ್ಲಿ ಟೀವಿಯಲ್ಲಿ ನೋಡಿದ್ದನಂತೆ,
ಆವತ್ತಿನಿಂದ ಮನೆಯಲ್ಲಿ ಕಾಲು ನಿಲ್ಲಲಿಲ್ಲವಂತೆ.
ಎರಡನೇ ಶಿಷ್ಯ ಹಂದಿಮೋರೆಯವನು, ಹೊಟ್ಟೆಬಾಕ,
ಗುಡ್ಡ ಎದುರಾದಾಗಲೆಲ್ಲ
‘ಗಂಟು ಹಂಚಿಕೊಂಡು ಮನೆಗೆ ಹೋಗೋಣ’ ಅನ್ನುವವನು.
ನನಗೆ ಅವನೇ ಹಿಡಿಸಿದ.
ಪಕ್ಕದಲ್ಲಿ ಕಾಯುತ್ತಿದ್ದ ಕುಟ್ಟಯ್ಯನವರು
“ಪುಣ್ಯಕ್ಕೆ ಅವನು ಈ ಕಡೆ ಬರಲಿಲ್ಲ ಬಿಡು,
ಇಲ್ಲಿ ಕಾಚಂಪುಳಿ ಕಾಯುತ್ತಾ ಇತ್ತು” ಅಂದರು.

ಹೀಗೆ ಹದಿನೇಳು ಸಂಕಟ ಕೂಡಿಟ್ಟೆ.
ಒಟ್ಟು ಎಂಬತ್ತೊಂದಂತೆ.
ಬೆಂಕಿಯ ಬೆಟ್ಟ ಎರಡು ಸಲ ಬಂತು, ಬೇರೆ ಬೇರೆ ಎತ್ತರದಲ್ಲಿ.
ಹೊಳೆ ದಾಟಿಸಿದ ಆಮೆ ಬಂತು.
ಅದನ್ನು ಹೇಳಿದವಳು ತಡಿಯಂಡಮೋಳ್ ಇಳಿದು ಬಂದಿದ್ದಳು,
ಕಾಲ್ಚೀಲದ ತುಂಬ ಜಿಗಣೆಯ ಕೆಂಪು.
ಯಾಕಮ್ಮ ಇಷ್ಟು ಸುತ್ತುತ್ತೀ ಅಂದರೆ
ಅದೇ ಮಾತು: ಆ ಕತೆ ಇದೆಯಲ್ಲ, ಅದಕ್ಕೇ.
ಎಲ್ಲಿಗೆ?
ಪಶ್ಚಿಮಕ್ಕೆ.

ನನಗೆ ಪಶ್ಚಿಮ ಅಂದರೆ ಸಂಪಾಜೆ ಘಾಟಿ,
ಸುಳ್ಯ, ಮಂಗಳೂರು, ಮೀನು, ಆಮೇಲೆ ಬರೀ ನೀರು.
ಅವರ ಪಶ್ಚಿಮ ನಾವಂತೆ!
ಈ ಮೆಟ್ಟಿಲು, ಈ ಮಂಜು, ಈ ಅಂಟಿನ ವಾಸನೆ.
ಸಾಕಷ್ಟು ದೂರದಿಂದ ನೋಡಿದರೆ
ನನ್ನ ಮೂರಡಿಯೂ ಪುಣ್ಯಭೂಮಿ.

ಹೋದ ವರ್ಷ, ಕೈಲ್ ಪೊಳ್ದ್ ಆದ ವಾರ, ತೈವಾನಿನವಳು ಬಂದಳು.
ಅರವತ್ತು ದಾಟಿದವಳು. ತಲಕಾವೇರಿಯಿಂದ ನಡೆದೇ ಬಂದಿದ್ದಳು;
ಎರಡೂ ಅಟ್ಟೆ ಬಾಯಿ ಬಿಟ್ಟಿದ್ದವು.
ಚೀಲದಲ್ಲಿ ಆ ಪುಸ್ತಕ, ಇಟ್ಟಿಗೆಯಷ್ಟು ದಪ್ಪ, ಅಪ್ಪನದು.
ಅಪ್ಪ ಹಡಗಿನಲ್ಲಿ ಅಡಿಗೆಯವನು;
ಕಂಡ ಬಂದರುಗಳೆಲ್ಲ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಎಣ್ಣೆ ಕಲೆಯ ಜೊತೆಗೆ.
ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ.
ಮೊಬೈಲು ನಡುವೆ ಆಮೆಯಾಯಿತು.

ಕೇಳಿದೆ:
ಹದಿನಾಲ್ಕು ವರ್ಷ ನಡೆದವನ
ಕೆರ ಹೊಲಿದವರು ಯಾರು?

ಕೋತಿಗೇನು, ಮೋಡವಿತ್ತು.
ಆದರೆ ಮನುಷ್ಯನ ಹಿಮ್ಮಡಿ?
ಕುದುರೆಗೆ ಲಾಳ ಬಡಿದವನಾದರೂ ಇಲ್ಲವೆ?

ಅವಳು ಕನ್ನಡಕ ಏರಿಸಿ ಹುಡುಕಿದಳು.
ಅಂಟು ಒಣಗಿತು. ಮಂಜು ಮೆಟ್ಟಿಲಿಳಿದು ಬಂದು
ಯಾರನ್ನೋ ಕೇಳಿಕೊಂಡು ಹಿಂದಕ್ಕೆ ಹತ್ತಿತು.
ಮಂಗಳೂರಿನ ಬಸ್ಸು ಎರಡು ಹೋದವು.
ಇಲ್ಲ, ಅಂದಳು, ತಪ್ಪು ತನ್ನದೇ ಅನ್ನುವ ಹಾಗೆ.

ಆಮೇಲೆ ನನ್ನ ಹೆಸರು ಕೇಳಿದಳು.
ಹೊಂಬಯ್ಯ.
ಮೂರು ಸಲ ಹೇಳಿಸಿ
ಅಪ್ಪನ ಯಾವುದೋ ಬಂದರಿನ ಕೆಳಗೆ ಬರೆದಳು,
ಪುಟ್ಟ ಪುಟ್ಟ ಮನೆಗಳಂಥ ನಾಲ್ಕು ಅಕ್ಷರ.
ಸರಿಯಾಗಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತು,
ಬಾಗಿಲು ಎಲ್ಲಿದೆಯೆಂದೇ ತಿಳಿಯಲಿಲ್ಲ.

ಎಂಬತ್ತು ರೂಪಾಯಿ ಅಂದೆ. ನೂರು ಕೊಟ್ಟಳು.
ಡಬ್ಬ ಬೋರಲು ಹಾಕಿದರೂ ಹತ್ತೊಂಬತ್ತೇ ಸಿಕ್ಕಿತು.
ಅವಳು ನಾಣ್ಯ ಎಣಿಸಿದಳು, ಮತ್ತೆ ಎಣಿಸಿದಳು,
ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.
ಸಂಪಾಜೆಯ ಕಡೆ ಹೋಗುವ ಬಸ್ಸು ಹತ್ತಿದಳು.

ಆ ಒಂದು ರೂಪಾಯಿ ಇನ್ನೂ ಸಾಲ ಉಳಿದಿದೆ.
ಪಶ್ಚಿಮಕ್ಕೆ ಯಾರಾದರೂ ಹೊರಟಿದ್ದರೆ
ಕೂತು ಹೋಗಿ, ಕೊಟ್ಟು ಕಳಿಸುತ್ತೇನೆ.