ಒಂಟಿ ಕೈ

ಪೊಚಲಾದ ಶಾಲೆಯ ಒಂದನೇ ಕ್ಲಾಸಿನಲ್ಲಿ
ಏಳು ದಿನ ನಾನು ಮೇಷ್ಟ್ರಲ್ಲ, ಮತಗಟ್ಟೆಯ ಗುಮಾಸ್ತ.
ಓದು ಬಾರದವರಿಗೆಂದು ಚೀಟಿಯಲ್ಲಿ ಎರಡು ಚಿತ್ರ:
ಒಂದನ್ನೊಂದು ಹಿಡಿದ ಎರಡು ಕೈ, ಕೂಡಿರಲು.
ಎತ್ತಿದ ಒಂಟಿ ಕೈ, ಬೇರೆಯಾಗಲು.
ಪಕ್ಕದಲ್ಲಿ ಹೆಬ್ಬೆಟ್ಟಿಗೊಂದು ಸುತ್ತು.

ಸಾಲು ನದಿಯವರೆಗೆ.
ನದಿಯಾಚೆ ಇಥಿಯೋಪಿಯಾ; ಅಲ್ಲೂ ನಾವೇ,
ಅದೇ ಮಾತು, ಅದೇ ಮೀನು, ನನ್ನ ಸೋದರತ್ತೆಯ ಮೂರು ಮಕ್ಕಳು.
ನಡುವೆ ಹರಿಯುವುದು ನೀರು ಅಂದುಕೊಂಡಿದ್ದೆವು,
ಯಾರೋ ಯಾವಾಗಲೋ ಅದಕ್ಕೆ ಗಡಿ ಎಂದು ಹೆಸರಿಟ್ಟು ಹೋದರು.

ಮೂರನೇ ದಿನ ಬಂದಳು ಆರಿಯೆತ್,
ಮೀನು ಒಣಗಿಸಿ ಮಾರುವವಳು,
ಯುದ್ಧಕ್ಕೆ ಇಬ್ಬರು ಗಂಡುಮಕ್ಕಳನ್ನು ಕೊಟ್ಟವಳು.
ಕೊಟ್ಟಳು ಅನ್ನುವುದು ನಮ್ಮ ಮಾತು,
ಒಯ್ದರು ಅನ್ನುತ್ತಾಳೆ ಅವಳು.
ಚೀಟಿ ಹಿಡಿದು ಕೇಳಿದಳು: "ಇದು ಯಾರ ಕೈ, ಒಮೊತ್?"
ಯಾರದೂ ಅಲ್ಲ, ಬರೀ ಗುರುತು, ಅಂದೆ.
ತನ್ನ ಅಂಗೈ ಬಿಚ್ಚಿ ಪಕ್ಕಕ್ಕಿಟ್ಟಳು.
"ಗೆರೆಗಳೇ ಇಲ್ಲವಲ್ಲ ಇದರಲ್ಲಿ.
ದುಡಿದ ಕೈಯಲ್ಲ."
ಹಿಂದೆ ನಿಂತವರು ನಕ್ಕರು.
ನಾನು ನಗುವಂತಿರಲಿಲ್ಲ.

"ಖಾರ್ತೂಮಿನವರಿಂದ ನಾವು ಬೇರೆ, ಸರಿ.
ಜುಬಾದಲ್ಲಿ ಕೂರುವವರು ನಮ್ಮವರು, ಅದೂ ಸರಿ.
ನಾಳೆ ಅವರು ನಮ್ಮನ್ನು ಎಣಿಸಿ
ಅಯ್ಯೋ, ಇವರೊಂದು ಹಿಡಿ ಅಂದರೆ
ನಮಗೂ ಇಂಥದೊಂದು ಚೀಟಿ ಕೊಡುತ್ತಾರೋ?"

ಏನು ಹೇಳಬಾರದು ಎಂಬುದಷ್ಟೇ ನನಗೆ ಕಲಿಸಿದ್ದರು.

ಹಿಂದೆ ನಮ್ಮಲ್ಲಿ, ಊರ ಮುಖಂಡ ಕೆಟ್ಟರೆ
ಡೋಲು ಬಡಿದು ಕೆಳಗಿಳಿಸುತ್ತಿದ್ದರು;
ಆಗದಿದ್ದರೆ ಚಾಪೆ, ಮಡಕೆ, ನೀಲಿ ಮಣಿ ಗಂಟುಕಟ್ಟಿ
ನದಿಯ ಮುಂದಿನ ತಿರುವಿನಲ್ಲಿ ಹೊಸ ಒಲೆ.
ನೂರಕ್ಕೆ ಅರವತ್ತು ಮಂದಿ ಬಂದರೋ ಎಂದು
ಯಾರೂ ಕೇಳುತ್ತಿರಲಿಲ್ಲ.
ನೆತ್ತರು ಹರಿಯುತ್ತಿರಲಿಲ್ಲ ಅನ್ನಲಾರೆ.

ಏಳನೇ ರಾತ್ರಿ ಲಾಟೀನಿನ ಬೆಳಕಲ್ಲಿ ಎಣಿಸಿದೆವು.
ಒಂಟಿ ಕೈ, ಒಂಟಿ ಕೈ, ಒಂಟಿ ಕೈ,
ಕೂಗಿ ಕೂಗಿ ಗಂಟಲು ಕಟ್ಟಿತು, ಕಣ್ಣು ತುಂಬಿತು.
ಸುಳ್ಳೇಕೆ, ನಾನೂ ಅದನ್ನೇ ಒತ್ತಿದ್ದೆ, ಬೆರಳು ನೋಯುವಷ್ಟು.
ಒಂದು ಕೈಯಿಂದ ಚಪ್ಪಾಳೆಯಾಗದು ಅನ್ನುತ್ತಾರಲ್ಲ,
ಆ ರಾತ್ರಿ ಆಯಿತು.

ಒಂದು ಚೀಟಿ ಮಾತ್ರ
ಎರಡು ಸುತ್ತೂ ಖಾಲಿ.
ಹಿಂಬದಿಯ ಬಿಳಿಯಲ್ಲಿ, ನಟ್ಟನಡುವೆ,
ಗಾಳದ ಗಾಯ ಅಡ್ಡ ಹಾದ ಹೆಬ್ಬೆಟ್ಟು.
ಯಾರದೆಂದು ಗೊತ್ತಾಯಿತು. ಗೊತ್ತಾಗಬಾರದು.
'ಅಸಿಂಧು' ಎಂದು ದುಂಡಗೆ ಬರೆದೆ.

ಉಗುರಿನ ನೇರಳೆ ಶಾಯಿ ತುದಿಗೆ ಸರಿದು
ನಾನದನ್ನು ಕತ್ತರಿಸುವ ಹೊತ್ತಿಗೆ ಬಾವುಟ ಬಂತು.
ಮಕ್ಕಳಿಗೆ ಅದರ ಬಣ್ಣಗಳನ್ನು ಕಲಿಸಿದೆ, ಖುಷಿಯಿಂದಲೇ.

ಮೂರು ವರ್ಷದ ಮೇಲೆ, ನಿಂತ ಸಂಬಳ ಕೇಳಲು ಹೊರಟಾಗ
ದಾರಿಗೆ ಹಗ್ಗ ಕಟ್ಟಿದ್ದ ಹುಡುಗ,
ಅದೇ ಬಾವುಟ ತೋಳಿಗೆ ಹೊಲಿದುಕೊಂಡವನು,
ಒಂಟಿ ಕೈ ಎತ್ತಿ ತಡೆದ.
"ನೀನು ಯಾರ ಪೈಕಿ?"

ಹೇಳಿದೆ. ಆ ಹೆಸರು ಅವನು ಕೇಳಿರಲಿಲ್ಲ.
ಇನ್ನೊಮ್ಮೆ ಹೇಳು, ಅಂದ,
ಪುಸ್ತಕದಲ್ಲಿ ಬರೆದುಕೊಳ್ಳಲು.
ತಪ್ಪು ಬರೆದಿದ್ದ.
ಪೆನ್ಸಿಲು ಇಸಿದುಕೊಂಡು ತಿದ್ದಿಕೊಟ್ಟೆ, ಮೇಷ್ಟ್ರಲ್ಲವೇ.