ಹೊಟ್ಟಿನ ಗೆರಿ

ಮಿರಗದ ಮೊದಲ ಮಳಿಗೆ ಊರೆಲ್ಲ ಒಳಗ ಓಡಿದರ
ನಮ್ಮತ್ತಿ ನೀಲಗಂಗವ್ವ ಹೊಲಕ್ಕ ಹೋಗತಿದ್ದಳು,
ತಲಿ ಮ್ಯಾಲ ಗೊಬ್ಬರದ ಚೀಲದ ಕೊಪ್ಪಿ,
ಉಡಿ ತುಂಬ ಜೋಳದ ಹೊಟ್ಟು.

ಡಂಬಳದ ಹಾದಿಗೆ, ಕಪ್ಪತಗುಡ್ಡದ ಕಾಲಾಗ
ಐದೆಕರೆ ಮಸಾರಿ.
ಇಳಿಜಾರು ಕಣ್ಣಿಗೆ ಕಾಣೂದಿಲ್ಲ,
ನೀರಿಗೆ ಕಾಣತೈತಿ.

ಹರಿಯೂ ನೀರಿಗೆ ಹೊಟ್ಟು ತೂರತಿದ್ದಳು,
ರಾಶಿ ತೂರೂವಾಗಿನ ಅದ ಕೈ.
ತೇಲಿ, ತಿರುಗಿ, ದಣಿದು
ಹೊಟ್ಟು ಎಲ್ಲಿ ಕುಂತಿತೋ
ಅಲ್ಲಿ ಮರುದಿನ ಒಂದು ಬಿಳಿ ಗೆರಿ.
"ಇಲ್ಲಿಡು ಕಲ್ಲು."
ಮದಿವ್ಯಾಗಿ ಬಂದು ಇನ್ನೂ ವರ್ಷ ತುಂಬಿದ್ದಿಲ್ಲ,
ಗೆರಿ ಮ್ಯಾಲ ಕಲ್ಲಿಡತಿದ್ದೆ, ಬಾಯಿಮುಚಗೊಂಡು:
ದೊಡ್ಡವು ಕೆಳಮಗ್ಗಲಿಗೆ, ಸಣ್ಣವು ಮ್ಯಾಲಮಗ್ಗಲಿಗೆ,
ಸಂದಿನ್ಯಾಗ ಕರಿಕಿ ಬೇರು.

"ಗ್ವಾಡಿ ಕಟ್ಟಬ್ಯಾಡವಾ, ಸಂದು ಇರಲಿ.
ಬೀಗರು ಬಂದರ ಬಾಗಲ ಹಾಕತೀಯೇನು?
ಕಂಬಳಿ ಹಾಸತೀ.
ನೀರು ಕುಂತು, ಉಸ್ಸಂತ ದಣಿವಾರಿಸಿಕೊಂಡು,
ಹೊತ್ತ ಮಣ್ಣು ಇಳಿಸಿ
ತನ್ನ ಹಾದಿ ತಾ ಹೋಗಲಿ."

ಒಂದ ವರ್ಷ ತಪ್ಪಿದಳು.
ಜೋಳದ ಹೊಟ್ಟು ತೀರಿತ್ತು, ಸಜ್ಜಿದು ತೂರಿದಳು.
ಚಿತ್ತಿ ಮಳಿಗೆ ಮೂರನೇ ಒಡ್ಡು ಒಡದು
ಎಮ್ಮಿ ಮಲಗೂವಷ್ಟು ಕೊರಕಲು.
ಎರಡು ದಿನ ಆಕಿ ಮಾತಾಡಲಿಲ್ಲ.
ಮೂರನೇ ದಿನ ರೊಟ್ಟಿ ಬಡಿಯೂತ ಅಂದಳು:
"ಸಜ್ಜಿ ಹೊಟ್ಟು ಹಗೂರ.
ಆ ಗೆರಿ ನೀರು ಬರದದ್ದಲ್ಲ, ಗಾಳಿ ಬರದದ್ದು."

ಕೆಳಗಿನ ಹೊಲದ ರಾಜೇಸಾಬ
ಒಂದಿನ ಹರಗೂದು ಬಿಟ್ಟು ಬಂದ,
ವಲ್ಲಿ ಚುಂಗಿನ್ಯಾಗ ಏನೋ ಗಂಟು ಕಟಗೊಂಡು.
ಕುಂಟಿಗೆ ಸಿಕ್ಕಿತ್ತಂತ, ಒಂದ ಬೆಳ್ಳಿ ಗೆಜ್ಜಿ.
ನಾದಿನಿ ಸುಲೋಚನಾನ ಕಾಲಾಗಿಂದು,
ಶೇಂಗಾ ಕಳೆ ತಗಿಯೂವಾಗ
ನಮ್ಮ ಮ್ಯಾಲಿನ ಪಟ್ಟಿಯೊಳಗ ಕಳದದ್ದು.
ಹದಿನಾಕು ವರ್ಷ ನಡದು
ಆತನ ಹೊಲ ಮುಟ್ಟಿತ್ತು.

ಅತ್ತಿ ಅಳ್ಳಾಡಿಸಿದಳು. ಸಪ್ಪಳಿಲ್ಲ.
ಜಾಲಿ ಮುಳ್ಳಿಲೆ ಒಳಗಿನ ಮಣ್ಣು ಕೆದರಿ
ಗೆಜ್ಜಿ ನನ್ನ ಕೈಗೆ ಕೊಟ್ಟಳು,
ಮಣ್ಣು ತಾ ಇಟಗೊಂಡಳು.
"ನಿನ್ನ ಹೊಲದಾಗ ನಂದು ಇನ್ನ ಏನೇನೈತಿ, ರಾಜೇಸಾಬ?"
ಆತ ಹಳ್ಳದ ಕಡೆ ನೋಡಿದ.
"ನಂದು ಅಲ್ಲೈತಿ, ನೀಲಗಂಗಕ್ಕ. ನಾ ಯಾರನ್ನ ಕೇಳಲಿ?"

ಮರುವರ್ಷ ಬ್ಯಾಸಗಿಗೆ ಆತನ ಚಕ್ಕಡಿ
ಗುಡ್ಡದಿಂದ ಕಲ್ಲು ಹೇರಿಕೊಂಡು
ಮೊದಲ ನಮ್ಮ ಹೊಲಕ್ಕ ಬಂತು.
ಮ್ಯಾಲಿನ ನೀರು ನಿಲ್ಲದ
ಕೆಳಗಿನದು ನಿಲ್ಲೂದಿಲ್ಲಲ್ಲ.

ಈಗ ಅತ್ತಿಗೆ ಮೊಣಕಾಲು.
ಕಟ್ಟಿ ಮ್ಯಾಲ ಕುಂತು ಮಳಿ ಎಣಸತಾಳ.
ನಿನ್ನಿ ನಾನ ಹೋಗಿದ್ದೆ, ಕೊಪ್ಪಿ ಹಾಕ್ಕೊಂಡು.
ಮುಂಜಾನೆ ನೋಡಿದರ ಗೆರಿ
ನಮ್ಮ ಒಡ್ಡಿನ ನೆತ್ತಿ ಮ್ಯಾಲ!
ಗಾಬರ್ಯಾಗಿ ಮನಿಗೆ ಓಡಿ ಬಂದೆ.
ಆಕಿ ಅಡಿಕಿ ಕತ್ತರಿಸೂದು ಬಿಡದ ಕೇಳಿದಳು:
"ಕಲ್ಲು ಎಷ್ಟು ಕಾಣತಾವ?"
"ಒಂದ ಗೇಣು. ಮದಲ ಮೊಳಕಾಲುದ್ದ ಇದ್ದುವು."
"ಹಂಗಾರ ಹೊಲ ಎದ್ದೈತಿ.
ರಾಜೇಸಾಬಗ ಹೇಳಿ ಕಳಸು,
ಇನ್ನೊಂದು ವರಸಿ ಕಲ್ಲು ಬೇಕು."